ಹೆಸರು ಮುಚ್ಚಿಟ್ಟೆ, ದನಿ ಬಿಟ್ಟುಕೊಟ್ಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಲವತ್ತು ಹೆಂಗಸರನ್ನು ನಗಿಸುವ ಚಪಲಕ್ಕೆ ನಾನು ಒಬ್ಬ ರೋಗಿಯ ಗುಟ್ಟನ್ನು ಆ ರೋಗಿಯದೇ ದನಿಯಲ್ಲಿ ಬಯಲು ಮಾಡಿದೆ. ಹೆಸರು ಮಾತ್ರ ಹೇಳಲಿಲ್ಲ. ಆ ಜಾಣತನವೂ ನನ್ನದೇ.

ಕೆಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ಒಂದು ಸರ್ಕಾರಿ ಆಸ್ಪತ್ರೆಗೆ ಆಪ್ತಸಮಾಲೋಚಕನಾಗಿ ಸೇರಿದೆ. ಎಚ್‌ಐವಿ ಇರುವವರಿಗೆ ಧೈರ್ಯ ಹೇಳುವುದು, ವೈರಸ್ಸನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಅವರು ಒಂದು ದಿನವೂ ತಪ್ಪಿಸದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಓದಿದ್ದು ಸಮಾಜಕಾರ್ಯ, ಬಂದದ್ದು ಮಿಮಿಕ್ರಿ. ವನಗೂರಿನ ಏರಿನಲ್ಲಿ ಏದುಸಿರು ಬಿಡುವ ಜೀಪು, ಸಹಿ ಹಾಕುವ ಮುನ್ನ ಮೂರು ಸಲ ಕೆಮ್ಮುವ ನಮ್ಮ ಡಾಕ್ಟರು, ಸಂದರ್ಶನದಲ್ಲಿ ಊರಿನ ಹೆಸರು ಕೇಳಿದಾಗಲೂ ತೊದಲಿದ ನಾನು, ಎಲ್ಲರೂ ನನ್ನ ಗಂಟಲಲ್ಲಿದ್ದರು. ಸ್ಟಾಫ್ ನರ್ಸ್ ಫಿಲೋಮಿನಾ ಸಿಸ್ಟರ್ ಮಂಗಳೂರಿನ ಕಡೆಯಿಂದ ಬಂದು ಇಲ್ಲೇ ನೆಲೆಸಿದವರು. ಅವರ ಕನ್ನಡವನ್ನು ಅವರೆದುರೇ ಆಡಿ ತೋರಿಸುತ್ತಿದ್ದೆ. ಅವರು ಸಿರಿಂಜ್ ಎತ್ತಿ ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು.

ಆ ರೋಗಿಯನ್ನು ಸಾಕಮ್ಮ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ, ಊರೂ ಬದಲಿಸಿದ್ದೇನೆ. ಬರೆಯಲೇ ಎಂದು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ನಮ್ಮ ದಾಖಲೆ ಪುಸ್ತಕದಲ್ಲಿ ಅವರ ವಿಳಾಸ ಆಲೂರು ತಾಲ್ಲೂಕಿನ ಕುಂದೂರು ಎಂದಿತ್ತು. ನಮ್ಮಲ್ಲಿಗೆ ಬರುವವರಲ್ಲಿ ಹಲವರು ತಾವಿರುವ ಊರನ್ನು ಹೇಳುವುದಿಲ್ಲ. ನಾವೂ ಕೆದಕುವುದಿಲ್ಲ.

ಆ ವರ್ಷ ಎಚ್‌ಐವಿ ಇರುವ ಹೆಂಗಸರಿಗೆಲ್ಲ ಗರ್ಭಕಂಠದ ಪರೀಕ್ಷೆ ಮಾಡಿಸಲು ಹೊರಟಿದ್ದೆವು. ಕಾರಣ ಎಚ್‌ಪಿವಿ ಎಂಬ ಇನ್ನೊಂದು ವೈರಸ್. ಇದು ಬಹಳ ಜನರಿಗೆ ತಗಲುತ್ತದೆ, ಹೆಚ್ಚಿನವರಲ್ಲಿ ತಾನಾಗಿ ಹೋಗಿಬಿಡುತ್ತದೆ. ಎಚ್‌ಐವಿಯಿಂದ ಮೈಯ ಕಾವಲು ಸಡಿಲವಾದವರಲ್ಲಿ ಅದು ಉಳಿದುಕೊಳ್ಳುವುದು ಹೆಚ್ಚು. ಉಳಿದದ್ದು ವರ್ಷಗಳಲ್ಲಿ ಕ್ಯಾನ್ಸರ್ ಆಗಬಹುದು. ಪರೀಕ್ಷೆ ಸುಲಭ. ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಜೀವಕೋಶ ಬದಲಾದ ಜಾಗ ಬೆಳ್ಳಗೆ ಕಾಣುತ್ತದೆ.

ಸಾಕಮ್ಮನನ್ನು ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ಪ್ರತಿ ಸಲ ಒಂದೇ ಉತ್ತರ. ಮೂಗಿನಲ್ಲಿ ಉದ್ದಕ್ಕೆ ಉಸಿರೆಳೆದು, "ಹ್ಞಾ ಮತ್ತೆ, ಮುಟ್ಟು ನಿಂತು ವರ್ಸ ಆಯ್ತು. ಇನ್ನು ಅಲ್ಲಿ ನೋಡಕ್ಕೆ ಏನೈತೆ ಕಣಪ್ಪ?" ಎನ್ನುತ್ತಿದ್ದರು. ಕೊನೆಗೆ ಒಪ್ಪಿದರು. ಬಿಳಿ ಮಚ್ಚೆ ಕಂಡಿತು. ಬಿಸಿ ಮಾಡಿದ ಲೋಹದ ಮೊನೆಯಿಂದ ಆ ಜಾಗವನ್ನು ಸುಟ್ಟರೆ ಸಾಕು, ಕೆಲವೇ ನಿಮಿಷದ ಕೆಲಸ, ಆದರೆ ತಡ ಮಾಡಬಾರದು ಎಂದರು ಡಾಕ್ಟರು. ಎರಡು ವಾರದ ನಂತರದ ದಿನ ಗೊತ್ತುಮಾಡಿದೆವು.

ಆ ಎರಡು ವಾರದ ನಡುವೆ ಯಸಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಇದೇ ಪರೀಕ್ಷೆಯ ಬಗ್ಗೆ ನನ್ನ ಭಾಷಣ. ಕಾಫಿ ಒಣಗಿಸುವ ಕಣದಲ್ಲಿ, ಲೈನು ಎಂದು ಕರೆಯುವ ಕೂಲಿಮನೆಗಳಿಂದ ಬಂದ ನಲವತ್ತು ಹೆಂಗಸರು ಸಾಲಾಗಿ ಕೂತಿದ್ದರು. ಎಚ್‌ಐವಿ ಇದ್ದವರಿಗೆ ಇದು ಇನ್ನೂ ಬೇಗ ಬೇಕು ಎಂದು ವಿವರಿಸಿದೆ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ನಮ್ಮ ರೂಮಿಗೆ ತಿಂಗಳು ತಿಂಗಳೂ ಮಾತ್ರೆಗೆ ಬರುವ ಒಬ್ಬ ಅಮ್ಮ ಹೇಗೆ ಹೇಳುತ್ತಾರೆ ಕೇಳಿ ಎಂದು, ಮೂಗಿನಲ್ಲಿ ಉಸಿರೆಳೆದು "ಹ್ಞಾ ಮತ್ತೆ" ಎಂದು ಶುರುಮಾಡಿದೆ.

ಕಣವೆಲ್ಲ ನಕ್ಕಿತು. ನಾನು ಇನ್ನೊಮ್ಮೆ ಆಡಿದೆ. ಮುಂದಿನ ಸಾಲಿನಿಂದ ಒಬ್ಬಾಕೆ ಪಕ್ಕದವಳ ತೊಡೆಗೆ ತಟ್ಟಿ, "ಲೇ, ಇದು ನಮ್ ಎರಡನೇ ಲೈನಿನ ಸಾಕಕ್ಕನ ಮಾತಲ್ವೇನೆ?" ಎಂದಳು. ತಲೆಗಳು ಹಿಂದಕ್ಕೆ ತಿರುಗಿದವು. ಕುಂದೂರಿನವರೆಂದು ನಾನು ನಂಬಿದ್ದ ಸಾಕಮ್ಮ ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರೂ ನಗುತ್ತಿದ್ದರು, ಸೆರಗನ್ನು ಬಾಯಿಗೆ ಒತ್ತಿಕೊಂಡು. ಅಕ್ಕಪಕ್ಕದವರ ನಗು ನಿಂತ ಮೇಲೂ ಅವರು ನಗುತ್ತಲೇ ಇದ್ದರು.

ಆಮೇಲೆ ಏನು ಮಾತಾಡಿದೆ, ನೆನಪಿಲ್ಲ. ಟೀ ಕೊಟ್ಟರು, ಕುಡಿದೆ. ಜೀಪಿನಲ್ಲಿ ಡ್ರೈವರ್ ಏನೋ ಕೇಳಿದ, ಹೂಂ ಅಂದೆ.

ಗೊತ್ತುಮಾಡಿದ ದಿನ ಸಾಕಮ್ಮ ಬರಲಿಲ್ಲ. ಮಾತ್ರೆ ಮುಗಿಯುವ ದಿನವೂ ಬರಲಿಲ್ಲ. ಲೈನಿನವರು ನಲ್ಲಿಯ ಹತ್ತಿರ ಅವರ ಕೊಡವನ್ನು ಬೇರೆ ಇಡಿಸಿದ್ದಾರೆಂದು ಸುದ್ದಿ ಬಂತು. ಹುಡುಕಿಕೊಂಡು ಲೈನಿಗೆ ಹೋಗುವಂತಿಲ್ಲ. ನನ್ನ ಮುಖ ಅಲ್ಲಿ ಕಂಡರೆ ಅನುಮಾನವಿದ್ದವರಿಗೂ ಖಾತ್ರಿಯಾಗುತ್ತದೆ. ಅಲ್ಲಿರುವ ಫೋನು ಎಸ್ಟೇಟಿನ ಲೆಕ್ಕ ಬರೆಯುವ ರೈಟರದು, ಅದಕ್ಕೂ ಮಾಡುವಂತಿಲ್ಲ. ದಿನಾ ಕ್ಯಾಲೆಂಡರ್ ನೋಡುತ್ತಿದ್ದೆ. ಯಾರಾದರೂ ಜೀಪಿನ ಸದ್ದು ಮಾಡು ಎಂದರೆ ಫೈಲು ಎತ್ತಿಕೊಂಡು ಎದ್ದುಹೋಗುತ್ತಿದ್ದೆ.

ಸಿಸ್ಟರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. "ನಿನಗೆ ಗಂಟಲು ಉಂಟು ಮಾರಾಯ, ಕಣ್ಣು ಇಲ್ಲ," ಎಂದಷ್ಟೇ ಹೇಳಿ ಚೀಲ ತೆಗೆದುಕೊಂಡರು. ಸಂತೆಯ ದಿನ ಯಸಳೂರಿಗೆ ಬಸ್ಸು ಹತ್ತಿದರು. ಒಣಮೀನಿನ ಅಂಗಡಿಯ ಮುಂದೆ ಎರಡು ಗಂಟೆ ನಿಂತು, ಕರಾವಳಿಯ ಹೆಂಗಸಿನ ಗತ್ತಿನಲ್ಲಿ ಪ್ರತಿ ಮೀನನ್ನೂ ಮೂಸಿ, ಎಲ್ಲದರಲ್ಲೂ ಹುಳುಕು ತೆಗೆದರಂತೆ. ಸಾಕಮ್ಮ ಪಕ್ಕಕ್ಕೆ ಬಂದಾಗ ಮುಖ ತಿರುಗಿಸದೆ, ಮೀನಿನ ಜೊತೆ ಮಾತಾಡುವವರಂತೆ ಹೇಳಿದರಂತೆ: "ಬುಧವಾರ ಡಾಕ್ಟರ್ ಇರ್ತಾರೆ. ಅವನು ಇರುವುದಿಲ್ಲ."

ಬುಧವಾರ ನನ್ನನ್ನು ಏನೋ ಕಾಗದ ಕೊಡಲು ಹಾಸನಕ್ಕೆ ಅಟ್ಟಿದರು. ಸಾಕಮ್ಮ ಬಂದರು. ಮಚ್ಚೆಯನ್ನು ಸುಟ್ಟರು. ಮಾತ್ರೆ ಮತ್ತೆ ಶುರುವಾಯಿತು.

ತರಬೇತಿಯಲ್ಲಿ ಹೆಸರು ಹೇಳಬೇಡಿ ಎಂದು ಕಲಿಸುತ್ತಾರೆ. ಇಲ್ಲಿ ಒಂದೇ ತೋಟದಲ್ಲಿ ಎದುರುಬದುರು ಗಿಡದಲ್ಲಿ ಕಾಫಿ ಕುಯ್ಯುವವರು ಎಲೆಯ ಮರೆಯಲ್ಲಿ ಒಬ್ಬರನ್ನೊಬ್ಬರು ಗುರುತಿಸುವುದು ದನಿಯಿಂದ. ರೋಗಿಯದು ಏನೇ ಇರಲಿ, ಕೆಮ್ಮಾಗಲಿ ಉಸಿರಾಗಲಿ, ಅದು ನನ್ನ ರೂಮಿನ ಹೊಸಿಲು ದಾಟಬಾರದು. ಈ ಕೆಲಸ ನನಗೆ ಕಲಿಸಿದ್ದು ಇದು, ಕಲಿಕೆಯ ಖರ್ಚು ಬೇರೆಯವರದು.

ನಂತರದ ತಿಂಗಳುಗಳಲ್ಲಿ ಸಾಕಮ್ಮ ನನ್ನ ಮೇಜಿನ ಮುಂದೆ ಬಂದು ತಮ್ಮ ಮಾತ್ರೆಯ ಪುಸ್ತಕ ಚಾಚುತ್ತಿದ್ದರು. ಒಂದು ಮಾತಿಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು. ನನ್ನೆದುರು ಉಸಿರನ್ನೂ ಜೋರಾಗಿ ಎಳೆಯುತ್ತಿರಲಿಲ್ಲ.

ವರ್ಷದ ಮೇಲೆ ಮರುಪರೀಕ್ಷೆಯಾಯಿತು. ಬಿಳಿ ಮಚ್ಚೆ ಇರಲಿಲ್ಲ. ಅವತ್ತು ಅವರು ಮಾತ್ರೆಗೆ ಬಂದಾಗ ಎದ್ದು ನಿಂತೆ. ವಾರಗಟ್ಟಲೆ ಮನಸ್ಸಿನಲ್ಲಿ ಉರುಹೊಡೆದದ್ದನ್ನು ಹೇಳಿದೆ. ತಪ್ಪಾಯಿತು ಸಾಕಮ್ಮ, ಇನ್ನು ಯಾರೆದುರೂ ನಿಮ್ಮ ದನಿ ಆಡುವುದಿಲ್ಲ, ನಿಮಗೇ ವಾಪಸ್ ಕೊಟ್ಟೆ ಅಂದುಕೊಳ್ಳಿ ಎಂದೆ. ಸಂದರ್ಶನದಲ್ಲಿ ತೊದಲಿದ್ದಕ್ಕಿಂತ ಹೆಚ್ಚು ತೊದಲಿದೆ.

ಅವರು ಕಿಟಕಿಯಾಚೆ ನೋಡಿ, ಪುಸ್ತಕವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು.

"ದನಿ ನೀನೇ ಮಡಿಕ್ಕಳಪ್ಪ. ನಂಗೆ ಮಾತ್ರೆ ಕೊಡು, ಬಸ್ ಹೊಂಟೋಯ್ತದೆ."