ಮುಂದೂಡಿದ ಪಂಚಮಿ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯಿಂದ ಜೋಳದ ಅಳ್ಳು ಹುರಿಯುವ ವಾಸನೆ ಬಂತು. ಅಣ್ಣಿಗೇರಿಯಲ್ಲಿ ನಾಗರ ಪಂಚಮಿ ಹತ್ತಿರವಾಯಿತೆಂದು ತಿಳಿಯಲು ಇಷ್ಟು ಸಾಕು. ನಮ್ಮ ಮನೆಗೆ ಮಾತ್ರ ಸಾಲುತ್ತಿರಲಿಲ್ಲ. ನಾವು ತಂಗಿ ಶೈಲಾಳ ಫೋನಿಗೆ ಕಾಯಬೇಕಾಗಿತ್ತು.

ಶೈಲಾ ಗಗನಸಖಿ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕಲ್ಲ, ಬಹಳ ಮೊದಲೇ ರಜೆ ಕೇಳುತ್ತಿದ್ದಳು, ಸಿಗುತ್ತಲೂ ಇತ್ತು. ಆಮೇಲೆ, ಚೀಲ ತುಂಬಿಟ್ಟ ಹೊತ್ತಿಗೆ, ಪಾಳಿ ಬದಲಾಗಿದೆಯೆಂದು ಕಂಪನಿಯಿಂದ ಕರೆ. ಮೊದಲ ಸಲ ಹೀಗಾದಾಗ ಅವ್ವ ಅತ್ತಳೆಂದು ನನ್ನ ನೆನಪು. ಅವ್ವ ಇಲ್ಲವೆನ್ನುತ್ತಾಳೆ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಅನುಮಾನಿಸಲು ಕಲಿತು ಬಂದವನು ನಾನು. ನಗಬೇಡಿ, ಅತ್ತದ್ದು ನಾನೇ ಇರಬಹುದು.

ಹಬ್ಬ ಮುಂದೂಡುವ ಉಪಾಯವಂತೂ ಅವ್ವನದೇ. ಶೈಲಾ ಬಂದ ದಿನವೇ ಪಂಚಮಿ! ಒಂದು ವರ್ಷ ಊರಿನ ಜೋಕಾಲಿಗಳನ್ನೆಲ್ಲ ಬಿಚ್ಚಿದ ಮೇಲೆ ನಮ್ಮ ಬೇವಿನ ಮರಕ್ಕೆ ಹಗ್ಗ ಬಿತ್ತು. ಪಕ್ಕದ ಮನೆಯ ಶಾಂತಕ್ಕ ಗೋಡೆಯ ಮೇಲಿಂದ ಇಣುಕಿ, “ಏನ ಯಕ್ಕಾ, ನಿಮ್ಮ ನಾಗಪ್ಪಗೂ ರಜಾ ಮಂಜೂರ ಆಗಬೇಕೇನ?” ಎಂದಳು.

“ನಿನ್ನ ಮಗಳು ಗದಗಿನ ಬಸ್ಸಿಗೆ ಬರತಾಳ. ನನ್ನ ಮಗಳು ವಿಮಾನದವರು ಇಳಿಸಿದಾಗ ಇಳೀಬೇಕು, ಸುಮ್ನಿರಬೇ,” ಎಂದಳು ಅವ್ವ.

ಅವತ್ತು ಶೈಲಾ ಜೋಕಾಲಿಯ ಮೇಲೆ ಕುಳಿತಲ್ಲೇ ನಿದ್ದೆ ಹೋದಳು. ತೂಗಲು ಬಂದ ನಾನು ಹಗ್ಗ ಅಲುಗದಂತೆ ಹಿಡಿದು ನಿಂತೆ. ಮಾತಾಡಬೇಕೆಂದುಕೊಂಡದ್ದೆಲ್ಲ ಹಾಗೇ ಉಳಿಯಿತು. ಎಚ್ಚರವಾದಾಗ ಅವಳು ಹೊರಡುವ ಹೊತ್ತು.

ನಿನ್ನೆ ಸಂಜೆ ಅವಳ ಫೋನು. ರಜೆ ಮತ್ತೆ ಹೋಗಿತ್ತು. ಈ ಸಲ ಜೊತೆಯವರನ್ನು ಕೂಡಿಸಿಕೊಂಡು, ಕೊಟ್ಟ ರಜೆ ಕಸಿಯಬಾರದೆಂದು ದೂರು ಕೊಟ್ಟಿದ್ದಳು.

“ಯಾವಾಗ ಬರ್ತಿ ಹೇಳು, ಅವತ್ತ ಮಾಡೂಣು,” ಎಂದೆ.

“ಬ್ಯಾಡ ಅಣ್ಣಾ. ‘ನಿಮ್ಮ ಮನ್ಯಾಗ ಹೆಂಗೂ ಹಬ್ಬ ಮುಂದ ಹಾಕ್ತಾರಲ್ಲ’ ಅಂತ ದೂರು ನೋಡಿ ನಮ್ಮ ಸಾಹೇಬರು ನಗತಾರ. ನಾಳೆನ ಮಾಡ್ರಿ. ನಾ ಇಲ್ಲಂದ್ರ ಇಲ್ಲಂತ ಕಾಣ್ಲಿ.”

ಅವ್ವನಿಗೆ ಹೇಳುವ ಧೈರ್ಯ ಸಾಲದೆ ಸ್ಪೀಕರ್ ಹಾಕಿದ್ದೆ. ಅವ್ವ ಫೋನಿನ ಹತ್ತಿರ ಬಾಗಿ, “ಆತು,” ಎಂದಳು.

ಇವತ್ತು ಊರವರ ಜೊತೆಗೇ ನಾಗಪ್ಪನ ಕಟ್ಟೆಗೆ ಹೋದೆವು. ಮನೆಯ ಒಬ್ಬೊಬ್ಬರ ಹೆಸರು ಹೇಳಿ, ಅವರ ಪಾಲೆಂದು ಹಾಲೆರೆಯುವುದು ನಮ್ಮಲ್ಲಿ ಪದ್ಧತಿ. ನಂಬಿಕೆಯಿಲ್ಲದ ನಾನು ಯಾವಾಗಲೂ ಹಿಂದೆ ನಿಲ್ಲುವವನು. ಅವ್ವ ನನ್ನ ಪಾಲು ಎರೆದಳು, ತನ್ನದನ್ನೂ ಎರೆದಳು. ಅಲ್ಲಿಗೆ ಅವಳ ಕೈ ನಿಂತಿತು. ಬಟ್ಟಲನ್ನು ನನ್ನ ಕಡೆ ಚಾಚಿದಳು.

“ಶೈಲಾನ ಪಾಲು,” ಎಂದು ಹಾಲೆರೆದೆ. ದನಿ ಜೋರಾಯಿತೇನೋ, ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ತಿರುಗಿ ನೋಡಿದರು.