ಬಾಗಿಲ ಮುಂದಿನ ಬೇವು

ನಮ್ಮ ಮನೆಯ ಮುಂದಿನ ಬೇವಿನ ಮರಕ್ಕೆ ಅವ್ವ ಹೇಳದ ಕೆಲಸವಿರಲಿಲ್ಲ. ಹಬ್ಬಕ್ಕೆ ಮಾವಿನೆಲೆಯ ಜೊತೆ ಪೋಣಿಸಿ ಬಾಗಿಲಿಗೆ ತೋರಣ, ಮೈಮೇಲೆ ಗುಳ್ಳೆ ಎದ್ದರೆ ಅರಿಸಿನದೊಂದಿಗೆ ಅರೆದು ಲೇಪ, ಸೊಳ್ಳೆಗೆ ಹೊಗೆ, ಜೋಳದ ಚೀಲಕ್ಕೆ ಒಣ ಎಲೆ. ಅಕ್ಕನ ಗಂಡ ಅದಿರಿನ ಲಾರಿ ಓಡಿಸುತ್ತಿದ್ದ. ಅವನೂ ಅಮಾವಾಸ್ಯೆಗೆ ನಿಂಬೆಹಣ್ಣಿನ ಜೊತೆ ಒಂದು ಗೊಂಚಲು ಬೇವನ್ನು ಲಾರಿಯ ಮೂತಿಗೆ ಕಟ್ಟಿಕೊಂಡೇ ಹೊರಡುತ್ತಿದ್ದ. ಅಕ್ಕ, ಭಾವ ನಮ್ಮ ಜೊತೆಯೇ ಇದ್ದರು. ನಾನು ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದೆ.

ಅದಿರಿಗೆ ಬೆಲೆ ಬಂದ ವರ್ಷಗಳವು. ಬಳ್ಳಾರಿಯ ನಮ್ಮ ಓಣಿ ಲಾರಿ ರಸ್ತೆಗೆ ಅಂಟಿಕೊಂಡಿತ್ತು. ಒಗೆದ ಬಟ್ಟೆ, ರೊಟ್ಟಿ ಹಿಟ್ಟು, ಹೊಸ್ತಿಲು, ಉಗುಳಿದ ಉಗುಳು ಎಲ್ಲವೂ ಕೆಂಪು. ಊರಿಗೆ ದುಡ್ಡು ಬಂತೆಂದು ಕುಣಿದವರು ಬೇರೆ ಯಾರೋ, ನಮ್ಮ ಪಾಲಿಗೆ ಬಂದದ್ದು ಧೂಳು.

ಬೇಸಿಗೆ ಆಗತಾನೇ ಶುರುವಾಗಿತ್ತು. ಅಕ್ಕನಿಗೆ ಜ್ವರ ಬಂದು ಮೈತುಂಬ ನೀರುಗುಳ್ಳೆ ಎದ್ದವು. "ಅಮ್ಮ ಬಂದಾಳ" ಎಂದು ಅವ್ವ ಕೈಮುಗಿದಳು. ಮನೆಯಲ್ಲಿ ಒಗ್ಗರಣೆ ನಿಂತಿತು. ಅಮ್ಮ ಬಂದ ಮನೆಗೆ ಬೇವೇ ತೋರಣ, ಬೇವೇ ಹಾಸಿಗೆ, ಬೇವೇ ಮದ್ದು. ಬೇವಿನ ಸೊಪ್ಪಿನ ನೀರು ಮೈಮೇಲೆ ಹಾಕಿದ ನಂತರವೇ ಬೇನೆಯವರು ಹೊಸ್ತಿಲು ದಾಟಬೇಕು. ಅದು ಅವ್ವನ ಕಟ್ಟುನಿಟ್ಟು.

ಆದರೆ ಬೇವು ಎಲೆ ಉದುರಿಸುವ ಕಾಲವದು. ಕೆಳಗಿನ ಕೊಂಬೆಯಲ್ಲಿ ಉಳಿದಿದ್ದ ಹಳೆಯ ಎಲೆಗಳನ್ನು ಅವ್ವ ಕಿತ್ತು ತೊಳೆದಳು. ಬೋಗಾಣಿಯ ನೀರು ಕೆಂಪು ರಾಡಿಯಾಯಿತು. "ಇಂಥಾದ್ದು ಹಾಕಿದ್ರ ಅಮ್ಮ ಸಿಟ್ಟಾಗ್ತಾಳ" ಎಂದು ಎಲೆಗಳನ್ನು ಚೆಲ್ಲಿಬಿಟ್ಟಳು. ತಲೆ ಎತ್ತಿ ಮರ ನೋಡಿದಳು. ನಾನೂ ನೋಡಿದೆ. ಕೊಂಬೆಗಳ ತುದಿಯೆಲ್ಲ ಕೆಂಪು.

"ನೆತ್ತಿ ತನಕ ಧೂಳ ಕುಂತೈತಿ" ಎಂದಳು ಅವ್ವ. ಭಾವನೂ ನೋಡಿ ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಅಕ್ಕನ ಉಸಿರು ಮೇಲೆ ಕೆಳಗೆ ಆಗತೊಡಗಿತು. ಒಂದು ಮಾತಾಡಲು ಎರಡು ಸಲ ನಿಲ್ಲುತ್ತಿದ್ದಳು.

"ಆಟೋ ತರ್ತೀನಿ, ದವಾಖಾನಿಗೆ ಹೋಗೋಣ ನಡಿ ಬೇ" ಎಂದೆ.

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ನೀರ್ ಹಾಕದ ಹೊರಗ ಹೆಂಗ ಕರ್ಕೊಂಡು ಹೋಗಾಕ ಬರ್ತೈತಿ? ಎರಡು ಹಿಡಿ ಸೊಪ್ಪು ಸಿಗಲಿ, ನಾನ ಕರ್ಕೊಂಡು ಹೋಗ್ತೀನಿ."

ನಾನು ಬಾಯಿಗೆ ಬಂದಂತೆ ಬೈದೆ. ಅಕ್ಕನೇ ಕೈಸನ್ನೆ ಮಾಡಿ, "ಅವ್ವ ಹೇಳಿದಂಗ ಆಗ್ಲಿ" ಎಂದಳು. ಭಾವ ಚೀಲ ಹಿಡಿದು ಎದ್ದ. "ಕುರುಗೋಡ ಕಡೆ ಲಾರಿ ಕಡಿಮಿ, ಅತ್ತಿ. ಸೊಪ್ಪು ಸ್ವಚ್ಛ ಸಿಗ್ತೈತಿ. ಮಧ್ಯಾಹ್ನದಾಗ ಬಂದ್ಬಿಡ್ತೀನಿ" ಎಂದು ಬಸ್ಸಿಗೆ ಓಡಿದ.

ಕುರುಗೋಡಿನ ಬೇವುಗಳೂ ಬೋಳಾಗಿದ್ದವಂತೆ. ಅಲ್ಲಿಂದ ಸಿರುಗುಪ್ಪಕ್ಕೆ ಹೋಗಿದ್ದಾನೆ. ಕಾಲುವೆಯ ದಂಡೆಯಲ್ಲಿ, ಬೇರಿಗೆ ನೀರು ತಾಗುತ್ತಿದ್ದ ಒಂದು ಮರ ಇನ್ನೂ ಎಲೆ ಉದುರಿಸಿರಲಿಲ್ಲ. ಮರ ಹತ್ತಿ, ಚೀಲದ ತುಂಬ ಸೊಪ್ಪು ಕಿತ್ತುಕೊಂಡಿದ್ದಾನೆ.

ಅವನು ಓಣಿಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಕ್ಕ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಉಸಿರು ಬಿಟ್ಟಾಗಿತ್ತು. ಬಾಗಿಲಲ್ಲಿ ನೆರೆದ ಜನರನ್ನು ಕಂಡು ಭಾವ ಚೀಲ ಹೊತ್ತುಕೊಂಡೇ ನಿಂತ. ಇಳಿಸು ಎಂದು ಯಾರೋ ಹೇಳಬೇಕಾಯಿತು. ಒಂದು ಚೂರೂ ಧೂಳಿಲ್ಲದ ಹಚ್ಚಗಿನ ಸೊಪ್ಪು. ಅದನ್ನೇ ನೀರಿಗೆ ಹಾಕಿ ಅಕ್ಕನಿಗೆ ಸ್ನಾನ ಮಾಡಿಸಿದೆವು. ಆಮೇಲೆ ಅವಳು ಹೊಸ್ತಿಲು ದಾಟಿದಳು.

ಕೆಲವು ದಿನಗಳ ನಂತರ ಅಂಗಳ ಗುಡಿಸುವಾಗ ಗಾಳಿಗೆ ಮುರಿದ ಒಂದು ಟೊಂಗೆ ಸಿಕ್ಕಿತು. ತುದಿ ಕೆಂಪಗಿತ್ತು. ಸುಮ್ಮನೆ ಓಢಣಿಯಿಂದ ಒರೆಸಿದೆ. ಕೆಂಪು ಹೋಗಲಿಲ್ಲ. ಮತ್ತೆ ಉಜ್ಜಿದೆ. ಎಳೆ ಎಲೆ ಹರಿದು ಕಹಿ ವಾಸನೆ ಬಂತು. ಬೇವಿನ ಚಿಗುರು ಕೆಂಪಗಿರುತ್ತದೆಂದು ಹುಟ್ಟಿದಾಗಿನಿಂದ ಬಲ್ಲ ಮೂರು ಜನ ಮರದ ಕೆಳಗೆ ನಿಂತು ನೋಡಿದ್ದೆವು! ಕೆಂಪಗೆ ಕಂಡದ್ದೆಲ್ಲ ಧೂಳು ಎನ್ನುವಷ್ಟು ನಮ್ಮ ಕಣ್ಣು ಕೆಟ್ಟಿತ್ತು. ಆ ಲಾರಿಗಳ ಮೇಲೆ, ಮರದ ಮೇಲೆ, ಅವ್ವನ ಮೇಲೆ, ಯಾರ ಮೇಲೆ ಸಿಟ್ಟು ಮಾಡಲಿ ಎಂದು ತಿಳಿಯದೆ ಅಲ್ಲೇ ಕೂತು ಅತ್ತೆ.

ಟೊಂಗೆಯನ್ನು ತಿಪ್ಪೆಯಲ್ಲಿ ಹುಗಿದೆ. ಅವ್ವನಿಗೆ ಗೊತ್ತಾಗುವುದು ಬೇಡವೆಂದುಕೊಂಡೆ. ಆದರೆ ಮರವನ್ನು ಎಲ್ಲಿ ಹುಗಿಯಲಿ? ದಿನ ಕಳೆದಂತೆ ಕೆಂಪು ಎಲೆಗಳು ಹಸಿರಾಗತೊಡಗಿದವು, ಬಾಗಿಲ ಎದುರೇ. ಅವ್ವ ಕಟ್ಟೆಯ ಮೇಲೆ ಕೂತು ಮೇಲೆ ನೋಡುತ್ತಿದ್ದಳು.

ಒಂದು ಮುಂಜಾನೆ ನಾನು ಕೆಲಸಕ್ಕೆ ಹೊರಟಾಗ ಕರೆದಳು.

"ಇವು ಅವತ್ತೂ ಇದ್ದುವೇನ?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ.

"ಇದ್ದುವು ಬೇ."

ಅವ್ವ ಆಮೇಲೆ ಆ ಬಾಗಿಲಿಗೆ ಯಾವ ತೋರಣವನ್ನೂ ಕಟ್ಟಲಿಲ್ಲ.