ಯುದ್ಧ ಮಾಡುವುದಿಲ್ಲವೆಂದು ಸಹಿ ಹಾಕಿದವರು

ಕೋಟದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಲೇ ನಾನು ಕೂದಲು ಹಣ್ಣು ಮಾಡಿಕೊಂಡೆ. ದೇಶದೇಶಗಳ ನಡುವೆ ಯುದ್ಧ ತಡೆಯುವ ಒಪ್ಪಂದಗಳ ಪಾಠ ಬಂತೆಂದರೆ ಎಲ್ಲಿಲ್ಲದ ಹುರುಪು. ಐದು ಅಂಶ ಬರೆದು ಕೆಳಗೆ ಗೆರೆ ಎಳೆದವರಿಗೆ ಪೂರ್ತಿ ಅಂಕ. ಸಹಿ ಹಾಕಿದವನೇ ಮೊದಲು ಬಾಂಬು ಹಾಕುತ್ತಾನೆ ಎಂಬ ಆರನೆಯ ಅಂಶ ಪಠ್ಯದಲ್ಲಿರಲಿಲ್ಲ. ಇದ್ದಿದ್ದರೂ ನಾನು ಅದನ್ನು ಹಾರಿಸಿಯೇ ಕಲಿಸುತ್ತಿದ್ದೆ.

ಮರವಂತೆಯಿಂದ ನಮ್ಮ ಮನೆಗೆ ಮೀನು ತರುವ ಹೆಂಗಸಿನ ಮಗ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಸರಕು ಹಡಗಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಹಡಗು ಹೋಗುವ ದಾರಿಯ ಆಚೆಗೊಂದು ಈಚೆಗೊಂದು ಜಗಳಗಂಟ ದೇಶ.

"ಕಳ್ಸುದಾ ಬ್ಯಾಡ್ದಾ, ನೀವೇ ಹೇಳಿ ಮೇಷ್ಟ್ರೇ," ಎಂದು ತಾಯಿ ಕೇಳಿದರು.

ಆಗಷ್ಟೇ ಆ ಎರಡು ದೇಶದವರು ಒಪ್ಪಂದಕ್ಕೆ ಸಹಿ ಹಾಕಿ ಟಿವಿಯಲ್ಲಿ ಕೈಕುಲುಕಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಹೆದ್ರುಕ್ ಎಂತ ಇಲ್ಲೆ. ಸಹಿ ಆಯ್ತಲೆ, ಇನ್ನ್ ಯುದ್ಧ ಆತಿಲ್ಲೆ," ಎಂದೆ.

ವರ್ಷ ತುಂಬುವುದರೊಳಗೆ ಕ್ಷಿಪಣಿಗಳು ಹಾರಿದವು. ಮಾತು ಮುರಿದದ್ದು ಅವನೇ ಎಂದು ಇವನು, ಇವನೇ ಎಂದು ಅವನು. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಸಾಕ್ಷಿಯಾಗಿ ನಿಂತಿದ್ದ ದೊಡ್ಡ ದೇಶಗಳು ತೀವ್ರ ಕಳವಳ ವ್ಯಕ್ತಪಡಿಸಿ ಊಟಕ್ಕೆ ಎದ್ದವು. ಕೊರೆತ ತಡೆಯಲೆಂದು ಮರವಂತೆಯ ಕಡಲಿಗೆ ವರ್ಷವರ್ಷವೂ ಕಲ್ಲು ಸುರಿಯುವ ಹಾಗೆ, ಮತ್ತೊಂದು ಒಪ್ಪಂದದ ಮಾತು ಶುರುವಾಯಿತು. ಹುಡುಗನ ಹಡಗು ಅಲ್ಲೇ ಎಲ್ಲೋ ಲಂಗರು ಹಾಕಿ ನಿಂತಿದೆ ಎಂದು ಸುದ್ದಿ ಬಂತು. ಆಮೇಲೆ ಮೂರು ವಾರ ಅವನ ಫೋನೇ ಇಲ್ಲ.

ಒಂದು ಬೆಳಿಗ್ಗೆ ತಾಯಿ ಮೀನಿನ ಬುಟ್ಟಿ ಇಲ್ಲದೆ ಬಂದರು.

"ಮೇಷ್ಟ್ರೇ, ಅವ್ರ್ ಆಣೆ ಹಾಕಿದ್ದ್ ಯಾವ ದೇವ್ರ ಎದ್ರಿಗೆ?"

"ದೇವ್ರ್ ಇಲ್ಲೆ ಮಾರಾಯ್ತಿ, ಬರೀ ಕಾಗ್ದ."

"ಹಂಗಾರೆ ಮಾತ್ ತಪ್ಪಿರೆ ಕೇಂಬರ್ ಯಾರ್?"

ನಮ್ಮ ಕಡೆ ಗಡಿಜಗಳ ಮಾಡಿದ ಎರಡು ಮನೆಯವರು ದೈವದ ಎದುರು ನಿಂತು ಮಾತು ಕೊಡುತ್ತಾರೆ. ಕೊಟ್ಟ ಮಾತಿಗೆ ತಪ್ಪಿದವನ ಮನೆಯಲ್ಲಿ ಮಗುವಿಗೆ ಒಂದು ಜ್ವರ ಬಂದರೂ ಸಾಕು, ಓಡಿಹೋಗಿ ದೈವಕ್ಕೆ ತಪ್ಪುಕಾಣಿಕೆ ಹಾಕಿ ಬರುತ್ತಾನೆ. ಅದನ್ನು ಮೂಢನಂಬಿಕೆ ಎಂದು ತರಗತಿಯಲ್ಲಿ ಗೇಲಿ ಮಾಡಿದ ಮಹಾನುಭಾವ ನಾನು. ಕಾಗದ ನಂಬಿದ್ದು ಮಾತ್ರ ವಿಜ್ಞಾನ!

"ದೈವದ ಮನಿಗೆ ಹೋಯ್ ಬಪ್ಪ, ಬನ್ನಿ. ತಪ್ಪುಕಾಣ್ಕಿ ಹಾಕ್ಕ್," ಎಂದರು.

ನನಗೆ ನಗು ಬಂತು. "ಆ ದೇಶದರ್ ಪರವಾಗಿ ನಾವ್ ಹಾಕುದಾ?"

ಅವರು ನಗಲಿಲ್ಲ.

"ಅವ್ರ್ ಯಾರ್ ಅಂದೇಳಿಯೇ ನಂಗ್ ಗೊತ್ತಿಲ್ಲೆ ಮೇಷ್ಟ್ರೇ. ಅವ್ರ್ ಮಾತ್ ನಂಬಿ ನಾನ್ ಮಗನ್ ಕಳ್ಸಿದ್ದಲ್ಲ. ನಿಮ್ ಮಾತ್ ನಂಬಿ ಕಳ್ಸಿದ್ದ್. ಕಾಣ್ಕಿ ನೀವ್ ಹಾಕಿ."

ಕಾಲು ತೊಳೆದುಕೊಂಡು ಅವರ ಹಿಂದೆ ಹೊರಟೆ.